ಹನ್ನೆರಡು ಭರಣಿಗಳ ಅಕ್ಕ

ನಮ್ಮ ಸಂಶೋಧನಾ ಸಂಸ್ಥೆ ವರ್ಷಕ್ಕೊಂದು ದಿನ ಊರಿನವರಿಗೆಲ್ಲ ಬಾಗಿಲು ತೆರೆಯುತ್ತದೆ. ಆ ದಿನ ಜಪಾನಿನ ಈ ಒಕಾಜಾಕಿ ಊರಿನ ಶಾಲೆಗಳ ಮಕ್ಕಳು ಗುಡ್ಡ ಹತ್ತಿ ಬರುತ್ತಾರೆ. ಬಾಳೆಹಣ್ಣನ್ನು ಕಿವುಚಿ, ಉಪ್ಪು ಮತ್ತು ಸೋಪಿನ ನೀರು ಬೆರೆಸಿ, ಅದರ ಡಿಎನ್‌ಎ ಎಳೆಯನ್ನು ಕಡ್ಡಿಗೆ ಸುತ್ತಿ ತೋರಿಸುವ ಮೇಜನ್ನು ನನಗೆ ವಹಿಸಿದ್ದರು. ಮಕ್ಕಳ ಸಾಲಿನ ನಡುವೆ ಒಬ್ಬ ಮುದುಕಿ ನಿಂತಿದ್ದರು. ಸಣ್ಣ ದೇಹ, ಬೂದು ಬಣ್ಣದ ಕೋಟು, ಎಡಗೈಯಲ್ಲಿ ಗಂಡಸರು ಕಟ್ಟುವಂಥ ದೊಡ್ಡ ವಾಚು. ಮೊಮ್ಮಗುವನ್ನು ಕರೆತಂದಿರಬೇಕು ಅಂದುಕೊಂಡೆ. ಸರದಿ ಬಂದಾಗ ನೋಡಿದರೆ ಅವರ ಜೊತೆ ಯಾರೂ ಇರಲಿಲ್ಲ. ಕಡ್ಡಿಯ ತುದಿಯಲ್ಲಿದ್ದ ಬಿಳಿ ಎಳೆಯನ್ನು ಬಹಳ ಹೊತ್ತು ನೋಡಿ ಕೇಳಿದರು.

“ಸುಟ್ಟ ಮೂಳೆಯಲ್ಲೂ ಇದು ಇರುತ್ತಾ?”

“ಯಾವ ಪ್ರಾಣಿಯದು?” ಅಂದೆ.

“ಹುಡುಗಿಯದು,” ಅಂದರು.

ಸಾಲಿನಲ್ಲಿ ಹಿಂದೆ ನಿಂತಿದ್ದ ತಾಯಿಯೊಬ್ಬಳು ತನ್ನ ಮಗುವಿನ ಭುಜ ಹಿಡಿದು ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ನಾನು ಏನೋ ಒಂದು ಉತ್ತರ ಹೇಳಿದೆ, ಬಿಸಿಗೆ ಅದೆಲ್ಲ ಚೂರು ಚೂರಾಗಿ ಹೋಗುತ್ತದೆ ಅಂತ. ಅವರು ವಾಚು ನೋಡಿಕೊಂಡು, “ನಿಮ್ಮ ಕೆಲಸ ಐದಕ್ಕೆ ಮುಗಿಯುತ್ತಲ್ಲ, ಗೇಟಿನ ಹತ್ತಿರ ಕಾಯ್ತಿರ್ತೀನಿ” ಎಂದು ಹೊರಟರು. ನಿಜವಾಗಿಯೂ ಕಾದಿದ್ದರು. ಗೇಟಿನ ಪಕ್ಕದ ಕಲ್ಲಿನ ಮೇಲೆ, ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಮೂರು ಗಂಟೆ ಹೊತ್ತು.

ಅವರು ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅವರ ಮನೆಯಲ್ಲಿ ಈಗ ಅವರ ತಮ್ಮನ ಮಗಳು ಇದ್ದಾಳೆ. ಆ ವಿಳಾಸಕ್ಕೆ ಈಗಲೂ ಕಳಿಸಿದವರ ಹೆಸರಿಲ್ಲದ ಕಾಗದಗಳು ಬರುತ್ತವೆ. ಒಂದರಲ್ಲಿ ಏನೂ ಬರೆದಿರಲಿಲ್ಲವಂತೆ. ಮನೆಯ ಮುಂಬಾಗಿಲಿನ ಫೋಟೋ ಮಾತ್ರ ಇತ್ತಂತೆ.

ಅವರು ಹುಟ್ಟಿ ಬೆಳೆದದ್ದೆಲ್ಲ ಜಪಾನಿನಲ್ಲೇ. ಆದರೂ ಜಪಾನಿನವರಲ್ಲ. ತಂದೆತಾಯಿ ಯುದ್ಧಕ್ಕೆ ಮುಂಚೆ ಕೊರಿಯಾದಿಂದ ಬಂದವರು. ಅವರ ಗುರುತಿನ ಚೀಟಿಯಲ್ಲಿ ದೇಶದ ಜಾಗದಲ್ಲಿದ್ದ ಹೆಸರು ಇವತ್ತಿನ ಯಾವ ಭೂಪಟದಲ್ಲೂ ಸಿಗುವುದಿಲ್ಲ. ಕೊರಿಯಾ ಎರಡಾಗುವುದಕ್ಕೆ ಮುಂಚಿನ ಹೆಸರು ಅದು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ಅಧಿಕಾರಿಗಳು ಹೇಳಿದಾಗಲೆಲ್ಲ, “ನನ್ನ ತಾಯಿ ಹೊರಟಾಗ ಅದು ಒಂದೇ ಇತ್ತು” ಎನ್ನುತ್ತಿದ್ದರಂತೆ. ಹಾಗಾಗಿ ಅವರಿಗೆ ಪಾಸ್‌ಪೋರ್ಟ್ ಇರಲಿಲ್ಲ. ಜೀವಮಾನವಿಡೀ ಕೊರಿಯಾದ ಹೆಣ್ಣುಮಕ್ಕಳ ಬಗ್ಗೆ ಬರೆದವರು ಕೊರಿಯಾವನ್ನು ಒಂದು ಸಲವೂ ನೋಡಿರಲಿಲ್ಲ.

ಅವರನ್ನು ಮೊದಮೊದಲು ನಾನು ‘ಸೆನ್ಸೆ’ ಎಂದು ಕರೆಯುತ್ತಿದ್ದೆ. ಜಪಾನಿನಲ್ಲಿ ಮೇಷ್ಟರು, ಡಾಕ್ಟರು, ಲೇಖಕರು ಎಲ್ಲರೂ ಸೆನ್ಸೆಗಳೇ. ಅವರಿಗೆ ಅದು ಹಿಡಿಸಲಿಲ್ಲ. “ಒನ್ನಿ ಅನ್ನು,” ಎಂದರು. ಕೊರಿಯನ್ ಭಾಷೆಯಲ್ಲಿ ಹೆಣ್ಣುಮಕ್ಕಳು ಅಕ್ಕನನ್ನು ಕರೆಯುವ ಮಾತು ಅದು. ಎಪ್ಪತ್ತಾರು ವರ್ಷದವರನ್ನು ಅಕ್ಕ ಅನ್ನುವುದು ಹೇಗೆ ಎಂದು ನಾನು ನಕ್ಕೆ. ಕನ್ನಡದಲ್ಲಿ ಅಜ್ಜಿ ಅನ್ನುತ್ತೇವೆ ಎಂದೆ. “ಅಜ್ಜಿ ಆಗೋಕೆ ಏನೇನೋ ಆಗಬೇಕು. ನನಗೆ ಅದ್ಯಾವುದೂ ಆಗಲಿಲ್ಲ. ಅಕ್ಕನೇ ಇರಲಿ,” ಅಂದರು. ಮುಂದಿನ ವಾರದಿಂದ ನಾನು ಅವರಿಗೆ ‘ತಾಂಗಿ’ ಆದೆ. ತಂಗಿ ಎನ್ನಲು ಅವರ ನಾಲಿಗೆ ಕೊನೆಯವರೆಗೂ ಹೊರಳಲಿಲ್ಲ.

ಎರಡು ಕೋಣೆಯ ಅವರ ಮನೆಯಲ್ಲಿ ಕಪ್ಪು ಬಣ್ಣದ ಹಳೆಯ ಟೆಲಿಫೋನ್ ಒಂದಿತ್ತು. ನಲವತ್ತರ ವಯಸ್ಸಿನಲ್ಲಿ ಅವರು, ಗಂಡಂದಿರ ಕೈಯಲ್ಲಿ ಪೆಟ್ಟು ತಿನ್ನುವ ಹೆಂಗಸರು ಕರೆ ಮಾಡಲೆಂದು ಆ ನಂಬರನ್ನು ಕಾರ್ಖಾನೆ, ಸ್ನಾನಗೃಹ, ಮಾರುಕಟ್ಟೆಗಳ ಗೋಡೆಗೆಲ್ಲ ಅಂಟಿಸಿ ಬಂದಿದ್ದರು. ನಂಬರು ಬದಲಾಗಿರಲಿಲ್ಲ. ನಾನು ಮೊದಲ ಸಲ ಅವರ ಮನೆಗೆ ಹೋದ ಮಧ್ಯಾಹ್ನ ಅದು ರಿಂಗಾಯಿತು. ಎತ್ತಿದರು. “ಹೇಳಿ” ಅಂದರು. ಆ ಕಡೆಯಿಂದ ಸದ್ದಿಲ್ಲ. ಅವರು ಇಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಮಾತಾಡತೊಡಗಿದರು. ಇವತ್ತು ಮೂಲಂಗಿ ಚೆನ್ನಾಗಿತ್ತು, ಮಳೆ ಬರೋ ಹಾಗಿದೆ, ನಮ್ಮ ಮನೆಗೆ ಇಂಡಿಯಾದ ಹುಡುಗಿ ಬಂದಿದ್ದಾಳೆ, ಅವಳು ಮೀನು ತಿನ್ನಲ್ಲ. ಹತ್ತು ನಿಮಿಷ. ನನ್ನ ಕಿವಿಗೂ ಆ ಕಡೆಯ ಉಸಿರು ಕೇಳುತ್ತಿತ್ತು. ಆಮೇಲೆ ಲೈನು ಕಟ್ಟಾಯಿತು.

“ಯಾರದು?”

“ಗೊತ್ತಿಲ್ಲ. ಕೆಲವು ಸಲ ಹೆದರಿಸೋರು. ಕೆಲವು ಸಲ ಹೆದರಿದೋರು. ಮಾತಾಡದೆ ಇದ್ರೆ ಎರಡೂ ಒಂದೇ ಥರ ಕೇಳುತ್ತೆ.”

“ಹೆದರಿಸೋರ ಹತ್ರ ಮೂಲಂಗಿ ವಿಷ್ಯ ಮಾತಾಡ್ತೀರಾ?”

“ತಪ್ಪಿ ಹೆದರಿದೋಳ ಫೋನ್ ಇಟ್ಟುಬಿಟ್ರೆ?” ಎಂದು ನನ್ನನ್ನೇ ಕೇಳಿದರು. ಆಮೇಲೆ ಎದ್ದು ಹೋಗಿ ಕಿಟಕಿಯ ಪರದೆ ಎಳೆದರು. ಬೀದಿಯಲ್ಲಿ ಬಿಸಿಲಿತ್ತು. ಒಂದು ಕಾರು ನಿಂತಿತ್ತು, ಅಷ್ಟೆ.

ಅವರು ಐದು ಪುಸ್ತಕ ಬರೆದಿದ್ದರು. ಎಲ್ಲವೂ ಜಪಾನಿ ಭಾಷೆಯಲ್ಲಿ. ಒಂದು ಪುಸ್ತಕ ತಮ್ಮದೇ ಜನರ ಮನೆಗಳಲ್ಲಿ ನಡೆಯುವ ಹೊಡೆತ ಬಡಿತದ ಬಗ್ಗೆ. ಅದು ಬಂದಾಗ ಕೊರಿಯನ್ನರ ಸಂಘದ ಹಿರಿಯರು ಮನೆಗೇ ಬಂದು, “ಮೊದಲೇ ನಮ್ಮನ್ನು ಕಂಡರೆ ಈ ಜಪಾನಿನವರಿಗೆ ಆಗಲ್ಲ. ನಮ್ಮ ಮನೆಯ ಕೊಳೆಯನ್ನು ಇವರ ಮುಂದೆ ತೊಳೆಯಬೇಕಾ?” ಎಂದು ಕೇಳಿದ್ದರಂತೆ. ಅವರ ಸ್ವಂತ ಅಣ್ಣ ಅವತ್ತಿನಿಂದ ಸಾಯುವತನಕ ಅವರ ಜೊತೆ ಮಾತಾಡಲಿಲ್ಲ. ಅಣ್ಣನ ಅಂತ್ಯಕ್ರಿಯೆಗೆ ಹೋಗಿ, ಹೊರಗೆ ಚಪ್ಪಲಿ ಬಿಡುವ ಜಾಗದಲ್ಲೇ ನಿಂತು ಬಂದೆ ಎಂದರು. ಹೇಳುವಾಗ ದನಿಯಲ್ಲಿ ಏರಿಳಿತ ಇರಲಿಲ್ಲ. ಕಿತ್ತಳೆ ಹಣ್ಣು ಸುಲಿಯುತ್ತಿದ್ದರು. ನಾರನ್ನು ಒಂದೂ ಬಿಡದೆ ಬಿಡಿಸಿ, ತೊಳೆಗಳನ್ನು ನನ್ನ ತಟ್ಟೆಗೆ ಹಾಕಿದರು.

ಸುಟ್ಟ ಮೂಳೆಯ ವಿಷಯ ಅವರ ಆರನೆಯ ಪುಸ್ತಕಕ್ಕೆ ಸಂಬಂಧಿಸಿದ್ದು. ಅದು ಮುಗಿಯಲಿಲ್ಲ.

ಒಕಾಜಾಕಿಯಿಂದ ಒಂದು ಗಂಟೆಯ ಬಸ್ಸಿನ ದಾರಿಯಲ್ಲಿ, ಗುಡ್ಡದ ಬುಡದಲ್ಲಿ, ಒಂದು ಬೌದ್ಧ ಗುಡಿ ಇದೆ. ಯುದ್ಧದ ಕಾಲದಲ್ಲಿ ಅದರ ಹತ್ತಿರ ನೂಲಿನ ಗಿರಣಿಯೊಂದಿತ್ತು. ಕೊರಿಯಾದಿಂದ ಹನ್ನೆರಡು ಹದಿಮೂರು ವರ್ಷದ ಹುಡುಗಿಯರನ್ನು ಹಡಗಿನಲ್ಲಿ ತಂದು ಅಲ್ಲಿ ದುಡಿಸುತ್ತಿದ್ದರು. ಸತ್ತವರನ್ನು ಊರಿನ ಸುಡುಗಾಡಿನಲ್ಲಿ ಸೌದೆಯಲ್ಲಿ ಸುಟ್ಟು, ಅಸ್ಥಿಯನ್ನು ಭರಣಿಗೆ ತುಂಬಿ ಗುಡಿಗೆ ಕೊಡುತ್ತಿದ್ದರು. ಕೇಳಿಕೊಂಡು ಯಾರೂ ಬರಲಿಲ್ಲ. ಗಿರಣಿ ಮುಚ್ಚಿ, ಅದರ ಜಾಗದಲ್ಲಿ ಈಗ ದೊಡ್ಡ ಔಷಧಿ ಅಂಗಡಿ ಮತ್ತು ಅದರ ಪಾರ್ಕಿಂಗ್ ಇದೆ. ಭರಣಿಗಳು ಗುಡಿಯ ಹಿಂದಿನ ಕೋಣೆಯಲ್ಲಿ ಉಳಿದವು. ಒಟ್ಟು ಹನ್ನೆರಡು.

ಪ್ರತಿ ತಿಂಗಳ ಮೊದಲ ಭಾನುವಾರ ಒನ್ನಿ ಅಲ್ಲಿಗೆ ಹೋಗುತ್ತಿದ್ದರು. ಚೀಲ ಹೊರಲು ನಾನೂ ಹೋಗತೊಡಗಿದೆ. ನನ್ನ ಗಂಡ ಸುಹಾಸ್‌ಗೆ ಕೆಲಸ ಟೋಕಿಯೊದಲ್ಲಿ, ಅಲ್ಲಿನ ಕೋಟೋ ಬಡಾವಣೆಯ ಎತ್ತರದ ಕಟ್ಟಡವೊಂದರಲ್ಲಿ ವಾಸ. ಫೋನಿನಲ್ಲಿ ರೇಗಿಸುತ್ತಿದ್ದ.

“ಏನೇ, ವೀಕೆಂಡ್ ಬಂದ್ರೆ ಸಾಕು, ಸ್ಮಶಾನ ಸುತ್ತೋಕ್ ಹೊರಡ್ತೀಯಂತೆ?”

“ಸ್ಮಶಾನ ಅಲ್ಲ ಕಣೋ, ಟೆಂಪಲ್.”

“ಮೂಳೆ ಇಟ್ಟಿದ್ರೆ ಅದು ಸ್ಮಶಾನಾನೇ. ನಮ್ಮಮ್ಮಂಗೆ ಮಾತ್ರ ಹೇಳ್ಬೇಡ, ಪ್ಲೀಸ್. ಫ್ಲೈಟ್ ಹತ್ತಿ ಬಂದ್ಬಿಡ್ತಾರೆ.”

ಆ ಕೋಣೆಗೆ ಕಿಟಕಿ ಇರಲಿಲ್ಲ. ನಡುಮಧ್ಯಾಹ್ನ, ಹೊರಗೆ ಜೀರುಂಡೆಗಳು ಕಿವಿ ತೂತಾಗುವಂತೆ ಕಿರುಚುತ್ತಿದ್ದರೂ ಹೊಸ್ತಿಲು ದಾಟಿದರೆ ಆ ಸದ್ದು ಯಾರೋ ಬಾಯಿ ಮುಚ್ಚಿದಂತೆ ಅಡಗುತ್ತಿತ್ತು. ಮರದ ಹಲಗೆಯ ಮೇಲೆ ಸಾಲಾಗಿ ಭರಣಿಗಳು. ಸುತ್ತಿದ್ದ ಬಿಳಿ ಬಟ್ಟೆ ಹಳದಿಗೆ ತಿರುಗಿತ್ತು. ಗುಡಿಯ ಗುರುಗಳ ಹೆಂಡತಿ ಬಾರ್ಲಿ ಚಹಾದ ಕೆಟಲನ್ನು ಹೊಸ್ತಿಲಲ್ಲೇ ಇಟ್ಟು ಹೋಗುತ್ತಿದ್ದರು. ಒಮ್ಮೆಯೂ ಒಳಗೆ ಬಂದವರಲ್ಲ. ಒಂದು ಸಲ ನನ್ನೊಬ್ಬಳಿಗೇ ಕೇಳುವಂತೆ ಹೇಳಿದರು. “ಇವರು ಬಂದು ಹೋದ ಮೇಲೆ ಒಂದು ವಾರ ಈ ಕಡೆ ಇಲಿ ಓಡಾಡಲ್ಲ. ಇಲ್ಲಾಂದ್ರೆ ಬಹಳ ಕಾಟ.”

ಗಿರಣಿಯವರು ಹುಡುಗಿಯರಿಗೆಲ್ಲ ಜಪಾನಿ ಹೆಸರು ಇಟ್ಟಿದ್ದರು. ಹನ್ನೊಂದು ಭರಣಿಗಳ ಮೇಲೆ ಆ ಹೆಸರಿನ ಚೀಟಿ ಇತ್ತು. ಇಪ್ಪತ್ತು ವರ್ಷ ಹುಡುಕಿ, ಬದುಕಿದ್ದ ಮುದುಕಿಯರನ್ನು ಒಬ್ಬೊಬ್ಬರನ್ನಾಗಿ ಕೇಳಿ, ಒನ್ನಿ ಆ ಹುಡುಗಿಯರ ನಿಜವಾದ ಹೆಸರುಗಳನ್ನು ಪತ್ತೆ ಮಾಡಿದ್ದರು. ನೆಲದ ಮೇಲೆ ಕೂತು ಒಂದೊಂದೇ ಹೆಸರು ಕರೆಯುತ್ತಿದ್ದರು. ಕರೆದು, ಉತ್ತರಕ್ಕೆ ಕಾಯುವವರಂತೆ ಸುಮ್ಮನಿರುತ್ತಿದ್ದರು. ಆಮೇಲೆ ಲೋಟಕ್ಕೆ ಚಹಾ ಬಗ್ಗಿಸಿ ಭರಣಿಯ ಮುಂದೆ ಇಡುತ್ತಿದ್ದರು. ಹನ್ನೆರಡನೆಯ ಭರಣಿಗೆ ಚೀಟಿಯೇ ಇರಲಿಲ್ಲ. ಅದಕ್ಕೆ “ನೀನು” ಎಂದಷ್ಟೇ ಹೇಳುತ್ತಿದ್ದರು.

ಮೂರನೆಯ ಸಲ ಹೋದಾಗ ಗಮನಿಸಿದೆ, ಲೋಟಗಳು ಹದಿಮೂರು ಇದ್ದವು.

“ಒಂದು ನಿಮಗಾ?”

“ನಾನು ಅವರ ಜೊತೆ ಕುಡಿಯಲ್ಲ.”

“ಮತ್ತೆ ಇದು ಯಾರಿಗೆ?”

ಬೆರಳು ಮಾಡಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಮುಖದಲ್ಲಿ ಸಣ್ಣ ಗೊಂದಲ. “ಗೊತ್ತಿಲ್ಲ. ಯಾವಾಗಲೂ ಇಷ್ಟೇ ಆಗುತ್ತೆ. ಹನ್ನೆರಡಕ್ಕೆ ನಿಲ್ಲಿಸೋಣ ಅಂದ್ರೆ ಕೈ ನಿಲ್ಲಲ್ಲ.”

ವಯಸ್ಸಾಗಿದೆ, ಲೆಕ್ಕ ತಪ್ಪುತ್ತದೆ ಅಂದುಕೊಂಡೆ. ಪ್ರತಿ ತಿಂಗಳೂ ಒಂದೇ ರೀತಿ ಹೇಗೆ ತಪ್ಪುತ್ತದೆ ಎಂದು ಬಸ್ಸಿನಲ್ಲಿ ಯೋಚಿಸಿ, ಅಭ್ಯಾಸಬಲ ಎಂದು ತೀರ್ಮಾನಿಸಿದೆ. ಲ್ಯಾಬಿನಲ್ಲಿ ದುಡಿಯುವವಳಿಗೆ ಇಂಥ ಉತ್ತರಗಳು ಬೇಗ ಸಿಗುತ್ತವೆ.

ನಾನು ಅವರನ್ನು ಕಾಣುವ ಸ್ವಲ್ಪ ಮೊದಲು ಕೊರಿಯಾದ ಸಮುದ್ರ ತೀರದ ಊರೊಂದರಿಂದ ಒನ್ನಿಗೆ ಕಾಗದ ಬಂದಿತ್ತು. ಬರೆದವಳು ಒಬ್ಬ ಕಾಲೇಜು ಹುಡುಗಿ. ಅವಳ ಅಜ್ಜಿಗೆ ತೊಂಬತ್ತೊಂದು ವರ್ಷ. ಅಜ್ಜಿಯ ಅಕ್ಕ ಹದಿಮೂರನೆಯ ವಯಸ್ಸಿನಲ್ಲಿ ಈ ಕಡೆಯ ಯಾವುದೋ ಗಿರಣಿಗೆ ಬಂದಿದ್ದಳು. ಎರಡು ಕಾಗದ ಬರೆದಿದ್ದಳು, ಆಮೇಲೆ ಸುದ್ದಿಯಿಲ್ಲ. ತಾನು ಕಣ್ಣು ಮುಚ್ಚುವ ಮೊದಲು ಅಕ್ಕನನ್ನು ಊರಿನ ಮಣ್ಣಿಗೆ ಸೇರಿಸಬೇಕು ಎಂದು ಅಜ್ಜಿ ಹಟ ಹಿಡಿದಿದ್ದಾಳೆ. ಆ ಅಕ್ಕನ ಹೆಸರು ಒನ್ನಿಯ ಹನ್ನೊಂದು ಹೆಸರುಗಳಲ್ಲಿ ಇರಲಿಲ್ಲ. ಹಾಗಾದರೆ ಹನ್ನೆರಡನೆಯವಳೇ ಇರಬಹುದಲ್ಲ? ಒನ್ನಿ ನನ್ನ ಬಾಳೆಹಣ್ಣಿನ ಮೇಜಿಗೆ ಬಂದದ್ದು ಈ ಕಾಗದದ ಆಸೆ ಹೊತ್ತುಕೊಂಡೇ.

ಸೌದೆಯಲ್ಲಿ ಸುಟ್ಟದ್ದಾದ್ದರಿಂದ ಎಲ್ಲೋ ಒಂದು ಹಲ್ಲಿನ ಬೇರು ಉಳಿದಿರಬಹುದು ಎಂದು ನಾನೇ ಬಾಯಿ ತಪ್ಪಿ ಹೇಳಿದ್ದೆ. ಅವರು ಅಷ್ಟಕ್ಕೇ ಜೋತುಬಿದ್ದರು. ಅನಾಟಮಿ ಪಾಠ ಮಾಡಿ ನಿವೃತ್ತರಾದ ಹಯಾಷಿ-ಸಾನ್ ಎಂಬ ಹಿರಿಯರನ್ನು ನಾನು ಒಪ್ಪಿಸಿದೆ. ಗುಡಿಯ ಗುರುಗಳು ಕಾಗದದಲ್ಲಿ ಒಪ್ಪಿಗೆ ಬರೆದುಕೊಟ್ಟರು. ಅಕ್ಟೋಬರಿನ ಒಂದು ಬೆಳಗ್ಗೆ, ಗುಡಿಯ ಪಡಸಾಲೆಯಲ್ಲಿ ಬಿಳಿ ಕಾಗದ ಹಾಸಿ, ಹನ್ನೆರಡನೆಯ ಭರಣಿಯ ಮುಚ್ಚಳ ತೆಗೆದೆವು.

ಹಯಾಷಿ-ಸಾನ್ ಮೊದಲು ಕೈ ಮುಗಿದರು. ಆಮೇಲೆ ಇಕ್ಕಳದಲ್ಲಿ ಒಂದೊಂದೇ ಚೂರು ಎತ್ತಿ ಜೋಡಿಸತೊಡಗಿದರು. ತೊಡೆಯ ಮೂಳೆಯ ತುದಿ ಇನ್ನೂ ಕೂಡಿಕೊಂಡಿಲ್ಲ, ಹದಿನಾರೋ ಹದಿನೇಳೋ ಎಂದರು. ದವಡೆಯ ಚೂರಿನಲ್ಲಿ ಒಂದು ಹಲ್ಲಿನ ಬೇರು ಸಿಕ್ಕಿತು. ನಾನು ಅದನ್ನು ಕೊಳವೆಗೆ ಹಾಕಿ ಹೆಸರು ಬರೆಯುವಷ್ಟರಲ್ಲಿ ಹಯಾಷಿ-ಸಾನ್ ಕೈ ನಿಂತಿತ್ತು. ಕಾಗದದ ಒಂದು ಮೂಲೆಯಲ್ಲಿ ಅವರು ಕೆಲವು ಚೂರುಗಳನ್ನು ಬೇರೆ ಇಟ್ಟಿದ್ದರು. ಬೆಂಕಿಕಡ್ಡಿಯಷ್ಟು ತೆಳ್ಳಗಿನವು. ಅವುಗಳ ಪಕ್ಕದಲ್ಲಿ ಹುಣಸೆ ಬೀಜದಷ್ಟು ದೊಡ್ಡದೊಂದು.

“ಹಕ್ಕಿಯದಾ?” ಎಂದೆ. ಸೌದೆಯ ಜೊತೆ ಏನಾದರೂ ಸೇರಿಕೊಂಡಿರುತ್ತದೆ.

“ಇದು ಕಿವಿಯ ಒಳಗಿನ ಮೂಳೆ,” ಎಂದರು ಹಯಾಷಿ-ಸಾನ್. “ಮನುಷ್ಯರದು. ಹುಟ್ಟೋ ಮೊದಲೇ ಗಟ್ಟಿಯಾಗುತ್ತೆ. ಬಸುರಿಗೆ ಏಳು ತಿಂಗಳಾಗಿರಬಹುದು.”

ನಾನು ಒನ್ನಿಯ ಕಡೆ ನೋಡಲಾರದೆ ಅವರ ಕೈ ನೋಡಿದೆ. ಬಲಗೈಯನ್ನು ಮುಂದೆ ಚಾಚಿ, ಹಿಡಿ ಇಲ್ಲದ ಲೋಟವನ್ನು ಹಿಡಿಯುವಾಗ ಬೆರಳು ಹೇಗೆ ಬಾಗುತ್ತವೋ ಹಾಗೆ ಬಾಗಿಸಿಕೊಂಡಿದ್ದರು. ಆ ಕೈಯನ್ನು ಅವರೂ ನೋಡುತ್ತಿದ್ದರು.

“ಒಳಗಿತ್ತು,” ಎಂದರು. “ಇಷ್ಟು ವರ್ಷ ಒಳಗಿತ್ತು.”

ಅಭ್ಯಾಸಬಲ ಎಂಬ ನನ್ನ ಉತ್ತರ ಅವತ್ತು ನನಗೇ ಸಾಲಲಿಲ್ಲ. ಬೇರೆ ಉತ್ತರ ಇವತ್ತಿಗೂ ಸಿಕ್ಕಿಲ್ಲ.

ಹಲ್ಲಿನ ಬೇರನ್ನು ಬೇರೊಂದು ವಿಶ್ವವಿದ್ಯಾಲಯದ ಗೆಳತಿ ಪರೀಕ್ಷಿಸಿದಳು. ಕೊರಿಯಾದ ಅಜ್ಜಿಯ ಎಂಜಲಿನ ಮಾದರಿಯೂ ಬಂದಿತ್ತು. ಮೂರು ತಿಂಗಳ ನಂತರ ಫಲಿತಾಂಶ ಬಂತು. ಏನೂ ಉಳಿದಿಲ್ಲ, ಹೋಲಿಸಲು ಸಾಧ್ಯವೇ ಇಲ್ಲ. ಹನ್ನೆರಡನೆಯವಳು ಆ ಅಕ್ಕನಿರಬಹುದು, ಇಲ್ಲದಿರಬಹುದು. ಖಚಿತವಾಗಿ ಗೊತ್ತಿದ್ದದ್ದು ಒಂದೇ, ಅವಳು ಬಸುರಿಯಾಗಿದ್ದಳು. ಗಿರಣಿಯ ಹುಡುಗಿಯರಿಗೆ ಹೊರಗೆ ಹೋಗಲು ಬಿಡುತ್ತಿರಲಿಲ್ಲ. ವಸತಿಗೆ ಹೊರಗಿನಿಂದ ಬೀಗ ಇರುತ್ತಿತ್ತು. ಬೀಗದ ಕೈ ಇದ್ದದ್ದು ಮೇಲ್ವಿಚಾರಕರ ಹತ್ತಿರ.

“ಅಜ್ಜಿಗೆ ಮಗುವಿನ ವಿಷ್ಯ ಹೇಳಬೇಡಿ,” ಎಂದೆ ನಾನು. ಒನ್ನಿಯ ಮನೆಯಲ್ಲಿ, ಸೀಮೆಎಣ್ಣೆ ಒಲೆಯ ಮುಂದೆ ಕೂತಿದ್ದೆವು. “ತೊಂಬತ್ತೊಂದು ವರ್ಷ. ಹದಿಮೂರು ವರ್ಷದ ಅಕ್ಕ ಮನಸ್ಸಲ್ಲಿದ್ದಾಳೆ. ಹಾಗೇ ಮಣ್ಣು ಮಾಡಲಿ ಬಿಡಿ. ಹೇಳಿ ಏನು ಬಂತು?”

ಅವರು ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಆಗಲಿಲ್ಲ.

“ನಾನೂ ಒಂದು ಸಲ ಹಾಗೆ ಮಾಡಿದ್ದೆ ತಾಂಗಿ. ಫೋನ್ ಮಾಡ್ತಿದ್ದ ಹುಡುಗಿಯೊಬ್ಬಳು ಸತ್ತಳು. ಗಂಡನ ಮನೆಯಲ್ಲಿ. ಅವಳ ತಾಯಿ ಬಂದು ಹೇಗಾಯ್ತು ಅಂತ ಕೇಳಿದ್ರು. ಕಾಯಿಲೆ, ಕಷ್ಟಪಡಲಿಲ್ಲ ಅಂದೆ. ಎಂಟು ವರ್ಷ ಆದ್ಮೇಲೆ ಆ ತಾಯಿಗೆ ಬೇರೆಯವರಿಂದ ಗೊತ್ತಾಯ್ತು. ವಾಪಸ್ ಬಂದ್ರು. ಇದೇ ಜಾಗದಲ್ಲಿ ಕೂತ್ರು. ‘ನನ್ನ ಮಗಳ ಸಾವನ್ನ ನೀವು ಇಟ್ಕೊಂಡು, ನನಗೆ ಬೇರೆ ಯಾರದ್ದೋ ಸಾವು ಕೊಟ್ಟು ಕಳಿಸಿದ್ರಿ. ಎಂಟು ವರ್ಷ ಬೇರೆಯವಳಿಗೋಸ್ಕರ ಅತ್ತೆ’ ಅಂದ್ರು.”

ಒಲೆಯ ಬತ್ತಿಯನ್ನು ಸಣ್ಣ ಮಾಡಿದರು. “ಬೇಡ. ನನ್ನ ಹತ್ರ ಇಟ್ಕೊಳ್ಳೋಕೆ ಜಾಗ ಇಲ್ಲ,” ಎಂದರು.

ಮರುದಿನ ವಿಡಿಯೋ ಕಾಲ್. ಫೋನಿನ ತುಂಬ ಅಜ್ಜಿಯ ಮುಖ. ಹಿಂದೆ ಮೊಮ್ಮಗಳ ಕೈ. ಒನ್ನಿ ನೇರವಾಗಿ ಕೂತು, ವಾಚು ಬಿಚ್ಚಿ ಮೇಜಿನ ಮೇಲಿಟ್ಟು, ಕೊರಿಯನ್ ಭಾಷೆಯಲ್ಲಿ ಹೇಳತೊಡಗಿದರು. ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಅಜ್ಜಿಯ ಕಣ್ಣು ಮಾತ್ರ ನೋಡುತ್ತಿದ್ದೆ. ಯಾವುದೋ ಒಂದು ಮಾತಿಗೆ ಆ ಕಣ್ಣುಗಳು ಮಿಟುಕುವುದು ನಿಂತಿತು. ಎಷ್ಟು ಹೊತ್ತು ನಿಂತಿತೆಂದರೆ ಲೈನು ಕಟ್ಟಾಗಿ ಚಿತ್ರ ಹಾಗೇ ಉಳಿದಿದೆ ಅಂದುಕೊಂಡೆ. ಆಮೇಲೆ ತುಟಿ ಅಲುಗಾಡಿತು.

ಆ ಮಾತುಗಳನ್ನು ಒನ್ನಿ ಆಮೇಲೆ ನನಗೆ ಒಂದೂ ಬಿಡದೆ ಹೇಳಿದರು.

ಅಜ್ಜಿ ಕೇಳಿದ್ದು, “ಮಗು ಅವಳ ಜೊತೆಗೇ ಇದೆಯಾ?”

“ಇದೆ. ಒಂದೇ ಭರಣಿಯಲ್ಲಿ.”

“ಹಾಗಾದರೆ ಅವಳು ಅಲ್ಲಿ ಒಬ್ಬಳೇ ಇರಲಿಲ್ಲ.”

“ಇವಳು ನಿಮ್ಮ ಅಕ್ಕನೇ ಅಂತ ನಾನು ಹೇಳಲಾರೆ. ಪರೀಕ್ಷೆಯಲ್ಲಿ ಗೊತ್ತಾಗಲಿಲ್ಲ.”

“ಇವಳನ್ನು ಕೇಳಿಕೊಂಡು ಬೇರೆ ಯಾರಾದರೂ ಬಂದಿದ್ದಾರಾ?”

“ಇಲ್ಲ.”

“ಮತ್ತೆ? ನನ್ನವಳೇ,” ಎಂದಳಂತೆ ಅಜ್ಜಿ.

ಮಾರ್ಚಿನಲ್ಲಿ ಮೊಮ್ಮಗಳು ಬಂದಳು. ಗುಡಿಯಿಂದ ಅಸ್ಥಿ ಒಯ್ಯಲು ಗುರುಗಳ ಪತ್ರ ಬೇಕು. ಅವರು ‘ಒಬ್ಬರ ಅಸ್ಥಿ’ ಎಂದು ಬರೆದಿದ್ದರು. ಒನ್ನಿ ಅದನ್ನು ಓದಿ ವಾಪಸ್ ಕೊಟ್ಟರು. “ಇಬ್ಬರು.” ಗುರುಗಳು ಪೆನ್ನು ಹಿಡಿದು ತಡವರಿಸಿದರು. ಹುಟ್ಟದೇ ಇದ್ದದ್ದನ್ನು ಹಾಗೆ ಬರೆಯುವ ಕ್ರಮ ಇಲ್ಲ ಎಂದರು. ಒನ್ನಿ ವಾದ ಮಾಡಲಿಲ್ಲ. ಪಡಸಾಲೆಯಲ್ಲಿ ಕೂತರು. ಒಂದು ಗಂಟೆ ಹೋಯಿತು. ಗುರುಗಳ ಹೆಂಡತಿ ಒಳಗಿನಿಂದ ಹೊಸ ಕಾಗದ ತಂದು ಗಂಡನ ಮುಂದೆ ಇಟ್ಟು, ಪಕ್ಕದಲ್ಲಿ ನಿಂತುಕೊಂಡರು. ಗುರುಗಳು ‘ಇಬ್ಬರು’ ಎಂದು ಬರೆದರು.

ನಗೋಯಾ ವಿಮಾನ ನಿಲ್ದಾಣದಲ್ಲಿ ಒನ್ನಿಗೆ ಹಗ್ಗದ ಈಚೆ ಮಾತ್ರ ಅವಕಾಶ. ಹುಡುಗಿ ಭರಣಿಯನ್ನು ಎದೆಗೆ ಕಟ್ಟಿಕೊಂಡು ಮುಂದೆ ಹೋದಳು. ತಪಾಸಣೆಯ ಅಧಿಕಾರಿ ತಡೆದರು, ಪತ್ರ ಕೇಳಿದರು, ಓದಿದರು, ಭರಣಿಯನ್ನು ನೋಡಿ ಮತ್ತೆ ಪತ್ರ ನೋಡಿದರು. ಟೊಪ್ಪಿ ತೆಗೆದು ಬಗ್ಗಿ ನಮಸ್ಕರಿಸಿದರು. ನೆಟ್ಟಗಾಗಿ, ಒಂದು ಕ್ಷಣ ಬಿಟ್ಟು, ಇನ್ನೊಂದು ಸಲ ಬಗ್ಗಿದರು. ಒನ್ನಿ ನನ್ನ ತೋಳು ಹಿಡಿದುಕೊಂಡರು. ವಿಮಾನ ಏರುವವರೆಗೂ ಬಿಡಲಿಲ್ಲ. ತಾವು ಹೋಗಲಾರದ ಊರಿನ ಕಡೆಗೆ ಅದು ತಿರುಗಿ ಮರೆಯಾದ ಮೇಲೆ, “ಹಸಿವಾಗ್ತಿದೆ” ಅಂದರು. ನಿಲ್ದಾಣದೊಳಗಿನ ಕೊಂಬಿನಿ ಅಂಗಡಿಯಲ್ಲಿ ಅನ್ನದ ಉಂಡೆ ಕೊಂಡು, ಬೆಂಚಿನ ಮೇಲೆ ಕೂತು, ನಾಲ್ಕು ತಿಂದರು.

ಏಪ್ರಿಲಿನ ಮೊದಲ ಭಾನುವಾರ ಅವರು ಚಹಾ ಬಗ್ಗಿಸುವುದನ್ನು ನಾನು ಲೋಟ ಎಣಿಸುತ್ತಾ ನೋಡಿದೆ. ಹನ್ನೊಂದಕ್ಕೆ ಕೈ ತಾನಾಗಿ ನಿಂತಿತು. ಕೆಟಲಿನಲ್ಲಿ ಇನ್ನೂ ಚಹಾ ಇತ್ತು. ಅವರು ಅದನ್ನು ಅಲುಗಾಡಿಸಿ ನೋಡಿ, ನನ್ನ ಕಡೆ ತಿರುಗಿ, ಮೊದಲ ಸಲ ಆ ಕೋಣೆಯಲ್ಲಿ ನಕ್ಕರು.

ಆಮೇಲೆ ಅವರು ಬಹಳ ದಿನ ಗಟ್ಟಿಯಾಗಿ ಓಡಾಡಲಿಲ್ಲ. ಬೇಸಿಗೆಯಲ್ಲಿ ಎರಡು ಸಲ ಬಿದ್ದರು. ಡಿಸೆಂಬರಿನಲ್ಲಿ ಆಸ್ಪತ್ರೆ ಸೇರಿದರು. ಮೆದುಳಿನಲ್ಲಿ ಸಣ್ಣ ಸಣ್ಣ ರಕ್ತಸ್ರಾವ ಎಂದರು ಡಾಕ್ಟರು. ನಾನು ಪ್ರಯೋಗದ ಗಡಿಬಿಡಿಯಲ್ಲಿ ಹತ್ತು ದಿನ ಹೋಗಲಾಗಲಿಲ್ಲ. ತಮ್ಮನ ಮಗಳು ಫೋನ್ ಮಾಡಿ, “ನಿಮ್ಮನ್ನು ಗುರುತು ಹಿಡಿಯದಿದ್ದರೆ ಬೇಜಾರು ಮಾಡ್ಕೋಬೇಡಿ” ಎಂದು ಮೊದಲೇ ಹೇಳಿದಳು.

ಮಧ್ಯಾಹ್ನ ಮೂರು ಗಂಟೆ. ಕಿಟಕಿಯಿಂದ ಹಾಸಿಗೆಯವರೆಗೂ ಬಿಸಿಲು ಬಂದಿತ್ತು. ಅವರು ಎದ್ದು ಕೂತಿದ್ದರು. ಕೈಯಲ್ಲಿ ವಾಚು ಇರಲಿಲ್ಲ. ಹೊದಿಕೆಯ ಅಂಚಿನಿಂದ ಎಳೆಯೊಂದನ್ನು ಎಳೆದು, ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದು, ಗಂಟು ಹಾಕಿ, ಮತ್ತೊಂದು ಎಳೆ ಎಳೆಯುತ್ತಿದ್ದರು. ಆ ಬೆರಳುಗಳಿಗೆ ಆ ವೇಗ ಎಲ್ಲಿಂದ ಬಂತೋ ತಿಳಿಯಲಿಲ್ಲ. ಗಿರಣಿಯಲ್ಲಿ ಹರಿದ ನೂಲನ್ನು ಹೀಗೆಯೇ ಕೂಡಿಸುತ್ತಿದ್ದರೆಂದು ಅವರೇ ಬರೆದಿದ್ದರು. ಆದರೆ ಅವರು ಒಂದು ದಿನವೂ ಗಿರಣಿಯಲ್ಲಿ ದುಡಿದವರಲ್ಲ.

“ಒನ್ನಿ,” ಎಂದೆ.

ತಲೆ ಎತ್ತಿದರು. ನನ್ನ ಮುಖ, ಬಣ್ಣ, ಕೋಟು ಎಲ್ಲವನ್ನೂ ಮೇಲಿನಿಂದ ಕೆಳಗೆ ನೋಡಿದರು.

“ಹೊಸಬಳಾ?”

ಒಂದು ಹೆಜ್ಜೆ ಹಿಂದೆ ಸರಿದೆ. ಮಾತಿನ ಅರ್ಥಕ್ಕಲ್ಲ. ಜಪಾನಿನಲ್ಲೇ ಹುಟ್ಟಿ, ಐದು ಪುಸ್ತಕ ಜಪಾನಿ ಭಾಷೆಯಲ್ಲಿ ಬರೆದವರು, ನನ್ನ ವ್ಯಾಕರಣ ತಿದ್ದುತ್ತಿದ್ದವರು, ಈಗ ತಾನೇ ಹಡಗಿನಿಂದ ಇಳಿದ ಹುಡುಗಿಯಂತೆ ಮುರುಕು ಜಪಾನಿ ಮಾತಾಡುತ್ತಿದ್ದರು. ದನಿಯೂ ಸಣ್ಣದಾಗಿತ್ತು. ಉತ್ತರಕ್ಕೆ ಕಾಯದೆ ಮುಂದುವರಿಸಿದರು.

“ಕೇಳು. ಕೆಲಸ ಕಲಿಯೋದು ಕಷ್ಟ ಇಲ್ಲ. ಕೂದಲು ಬಿಡಬೇಡ, ಯಂತ್ರ ಎಳಕೊಳ್ಳುತ್ತೆ. ಕೆಮ್ಮು ಬಂದರೆ ಬಾಯಿಗೆ ಬಟ್ಟೆ ಇಟ್ಟು ಕೆಮ್ಮು. ಸಿಹಿ ಕೊಟ್ಟು ಕರೆದರೆ ಹೋಗಬೇಡ. ಹೆಸರು ಬೇರೆ ಹಿಡಿದು ಕರೀತಾರೆ, ಮೊದಲು ಗೊತ್ತಾಗಲ್ಲ. ಗೊತ್ತಾಗದಿದ್ದರೆ ಹೊಡೀತಾರೆ.” ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ಕಾರಿಡಾರಿನಲ್ಲಿ ಯಾರದೋ ಬೂಟಿನ ಸದ್ದು ಬಂದು, ಬಾಗಿಲ ಮುಂದೆ ನಿಧಾನವಾಗಿ, ಮುಂದೆ ಹೋಯಿತು. ಅಲ್ಲಿಯವರೆಗೆ ಅವರ ಬೆರಳುಗಳು ಅಲುಗಾಡಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಅಲುಗಾಡಲಿಲ್ಲ.

“ಹೋದ,” ಎಂದರು.

ಆಮೇಲೆ ಎರಡೂ ಕೈಯೂರಿ, ಬಹಳ ಕಷ್ಟಪಟ್ಟು, ಹಾಸಿಗೆಯ ಅಂಚಿಗೆ ಸರಿದರು. ಅವರ ಮತ್ತು ಗೋಡೆಯ ನಡುವೆ ಒಬ್ಬರು ಹಿಡಿಸುವಷ್ಟು ಜಾಗವಾಯಿತು. ಆ ಜಾಗವನ್ನು ಅಂಗೈಯಿಂದ ಸವರಿ ಸರಿ ಮಾಡಿದರು.

“ನೀನು ಗೋಡೆ ಕಡೆ ಮಲಕೋ. 
ಬಾಗಿಲ ಕಡೆ ನಾನು ಮಲಗ್ತೀನಿ.”

ಕೋಟು ಬಿಚ್ಚಿ ಕುರ್ಚಿಗೆ ಹಾಕಿದೆ. ಶೂ ಕಳಚಿದೆ. ಅವರನ್ನು ದಾಟಿ ಆ ಕಡೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು ಮಲಗಿದೆ. ಅವರು ನನ್ನ ಕಡೆ ತಿರುಗಲಿಲ್ಲ. ಬಾಗಿಲನ್ನು ನೋಡುತ್ತಾ ಒಂದು ಮಗ್ಗುಲಾಗಿ ಮಲಗಿ, ಹೊದಿಕೆಯನ್ನು ಹಿಂದಕ್ಕೆ ಎಳೆದು ನನ್ನ ಭುಜ ಮುಚ್ಚಿದರು. ನರ್ಸ್ ಬಂದವಳು ನಮ್ಮಿಬ್ಬರನ್ನೂ ನೋಡಿ, ಹಾಗೇ ಹಿಂದಿರುಗಿದಳು. ಕಿಟಕಿಯ ಬಿಸಿಲು ಇಳಿಯುವವರೆಗೂ ಅವರ ಕಣ್ಣು ತೆರೆದೇ ಇತ್ತು.